ಪರದೇಶದ ರಾಗ, ಮನೆಯ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಹಿಂದೆ ಮಗನನ್ನು ತುಮಕೂರಿಗೆ ಓದಲು ಕಳುಹಿಸುವುದೇ ದೊಡ್ಡ ಪ್ರಯಾಣವೆನಿಸಿದ್ದಿತು. ಈಗಲಾದರೋ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳು ಸಮುದ್ರವನ್ನು ದಾಟಿ ವಿದ್ಯಾರ್ಜನೆಗೆ ಹೋಗುತ್ತಿದ್ದಾರೆ. ಹಣವನ್ನು ಹೇಗೋ ಹೊಂದಿಸಿದ ತಂದೆತಾಯಿಗಳಿಗೆ ಕಡೆಯಲ್ಲಿ ಒಂದು ಚಿಂತೆ ಉಳಿಯುತ್ತದೆ: ಅಲ್ಲಿಯ ಹಾಡು ಕುಣಿತಗಳ ಮೋಹಕ್ಕೆ ಸಿಕ್ಕಿ ನಮ್ಮ ಮಗು ನಮ್ಮದಾಗಿ ಉಳಿಯುವುದೇ? ಬಹುಕಾಲ ಉಪಾಧ್ಯಾಯನಾಗಿದ್ದ ನನ್ನನ್ನು ಹೀಗೆ ಕೇಳಿದವರು ಅನೇಕರು. ಇದಕ್ಕೆ ಉಪದೇಶಕ್ಕಿಂತ ನಿದರ್ಶನವೇ ತಕ್ಕ ಉತ್ತರವೆಂದು ನನ್ನ ಭಾವನೆ.

ಟಿ. ಪಿ. ಕೈಲಾಸಂ ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ನ್ಯಾಯಾಧೀಶರಾಗಿದ್ದ ಪರಮಶಿವ ಅಯ್ಯರ್ ಅವರ ಪುತ್ರರಾದ ಇವರು ವಿದ್ಯಾರ್ಥಿವೇತನವನ್ನು ಪಡೆದು, ಭೂಗರ್ಭಶಾಸ್ತ್ರವನ್ನು ಕಲಿಯಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಎಂಬ ವಿದ್ಯಾಶಾಲೆಗೆ ಹೋದರು. ಕಲ್ಲು ಮಣ್ಣುಗಳ ಗುಣವನ್ನು ಕಲಿಯುವುದು ಅವರ ಕಾರ್ಯವಾಗಿದ್ದಿತು. ಅದನ್ನು ಚೆನ್ನಾಗಿಯೇ ಕಲಿತರು. ಆದರೆ ಅಲ್ಲಿಯ ನಾಟಕಶಾಲೆಗಳೂ, ಜನಸಾಮಾನ್ಯರು ನಕ್ಕು ಹಾಡುವ ಮ್ಯೂಸಿಕ್ ಹಾಲುಗಳೂ ಅವರಿಗೆ ಮತ್ತೊಂದು ಪಾಠವನ್ನು ಹೇಳಿದವು. 1915ರಲ್ಲಿ ಹಿಂದಿರುಗಿ ಮೈಸೂರು ಸರಕಾರದ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷಗಳಿದ್ದು, ಬಳಿಕ ಆ ಉದ್ಯೋಗವನ್ನು ಬಿಟ್ಟರು. ಯಾವ ಮನೆಯಲ್ಲಿಯೂ ಇಂತಹ ಸಮಾಚಾರವು ಹರ್ಷವನ್ನು ತರಲಾರದು. ಲಾಭನಷ್ಟಗಳ ಲೆಕ್ಕವನ್ನು ಹಾಕುವವರು ಇದನ್ನೂ ಮರೆಯಬಾರದು.

ಲಾಭವಾದುದು ಕನ್ನಡಕ್ಕೆ. ಪುರಾಣದ ರಾಜರೇ ಮೆರೆಯುತ್ತಿದ್ದ ರಂಗಸ್ಥಳಕ್ಕೆ ಅವರು ನಮ್ಮ ನಿಮ್ಮ ಮನೆಯ ನಡುಮನೆಯನ್ನೂ, ಅಲ್ಲಿಯ ಆಡುಮಾತನ್ನೂ ತಂದರು. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯನ್ನು ಗೆಲ್ಲುವ ಅಣ್ಣನು ಟೊಳ್ಳು, ಅಷ್ಟಾಗಿ ಓದದೆ ಪರರ ಕಷ್ಟಕ್ಕೆ ಒದಗುವ ತಮ್ಮನು ಗಟ್ಟಿ. ಹಾಡುಗಳಲ್ಲಿಯೂ ಹಾಗೆಯೇ. 1914ರ ಮಹಾಯುದ್ಧದಲ್ಲಿ ಆಂಗ್ಲ ಸೈನಿಕರು ಹಾಡುತ್ತಿದ್ದ ಟಿಪ್ಪರರಿಯೆಂಬ ಊರಿನ ಹಾಡಿನ ಧಾಟಿಯು ಇವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಮತ್ತೊಂದು ಆಂಗ್ಲ ಗೀತದಿಂದ, ತನ್ನ ಹೆಸರಿನ ಕಾಗುಣಿತವನ್ನು ಹೇಳುವ ‘ಕೋಳೀಕೆ ರಂಗ’ನು ಹುಟ್ಟಿದನು. ಧಾಟಿಯು ಅವರದು, ರಂಗನು ಅಪ್ಪಟ ನಮ್ಮವನು. ಇದನ್ನು ಅನುಕರಣವೆನ್ನಲಾಗದು. ದೇಶದೇಶಗಳಲ್ಲಿ ಜನರ ಮನಸ್ಸನ್ನು ರಂಜಿಸುವ ಗಾನವನ್ನು ‘ದೇಶೀ’ ಎಂದು ಮತಂಗನೂ ತನ್ನ ಬೃಹದ್ದೇಶಿಯಲ್ಲಿ ಗೌರವಿಸಿದ್ದಾನೆ. ಪರರ ದೇಶಿಯನ್ನು ಮನಸ್ಸಿಟ್ಟು ಕೇಳಿದವನಿಗೆ ತನ್ನ ದೇಶಿಯು ಕೇಳಿಸತೊಡಗುತ್ತದೆ.

ಅದೇ ಲಂಡನ್ನಿಗೆ ಇಂದು ಹೋಗುವ ವಿದ್ಯಾರ್ಥಿಯ ಕಿವಿಗೆ ಬೀಳುವುದು ಆಂಗ್ಲರ ಹಾಡು ಮಾತ್ರವಲ್ಲ. ಕ್ಯಾರಿಬಿಯನ್ ದ್ವೀಪಗಳಿಂದ ಬಂದು ನೆಲಸಿದವರು ಆಗಸ್ಟ್ ತಿಂಗಳಿನಲ್ಲಿ ನಾಟಿಂಗ್ ಹಿಲ್ ಎಂಬಲ್ಲಿ ನಡೆಸುವ ಉತ್ಸವದಲ್ಲಿ ಉಕ್ಕಿನ ವಾದ್ಯಗಳ ಮೇಳವೂ ಉಂಟು. ಅದರ ಚರಿತ್ರೆಯು ಮನನಯೋಗ್ಯವಾದುದು. ಟ್ರಿನಿಡಾಡ್ ದ್ವೀಪದಲ್ಲಿ, ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಬಾರಿಸುತ್ತಿದ್ದ ಚರ್ಮವಾದ್ಯಗಳನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸರಕಾರವು ನಿರ್ಬಂಧಿಸಿತು. ಅವರು ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳವನ್ನು ಹಿಡಿದರು. 1930ರ ದಶಕದ ಕೊನೆಯಿಂದೀಚೆಗೆ ಡಬ್ಬಗಳನ್ನೂ, ಅನಂತರ ಬರಿದಾದ ಎಣ್ಣೆಯ ಪೀಪಾಯಿಗಳನ್ನೂ ತಟ್ಟಿ ತಟ್ಟಿ ಸ್ವರಕ್ಕೆ ಹೊಂದಿಸಿದರು. 1951ರಲ್ಲಿ ಅವರ ಮೇಳವು ಲಂಡನ್ನಿಗೆ ಬಂದು ನುಡಿಸಿತು. 1845ರಿಂದ 1917ರವರೆಗೆ ಕೂಲಿಗಾಗಿ ಅದೇ ದ್ವೀಪಕ್ಕೆ ಹೋದ ಭಾರತೀಯರ ತಾಸೆಯ ಪೆಟ್ಟೂ ಅಲ್ಲಿ ಇಂದಿಗೂ ಕೇಳಿಬರುತ್ತದೆ.

ಬಿದಿರಿನ ಈ ಕಥೆಯನ್ನು ಕೇಳಿದ ಶಿರಾ ಸೀಮೆಯ ಮಗುವಿಗೆ ಏನು ನೆನಪಾಗಬೇಕು? ಕಳುವರಹಳ್ಳಿಯ ಜುಂಜಪ್ಪನ ನೆನಪಾಗಬೇಕು. ಆತನ ಕಥೆಯನ್ನು ಹಾಡುವ ಕಾಡುಗೊಲ್ಲರು ಊದುವ ಗಣೆಯೂ ಬಿದಿರೇ. ಕೈಗೆ ಸಿಕ್ಕಿದುದರಿಂದ ಬಡವರು ಪಡೆದ ನಾದವೇ. ಆದರೆ ಒಮ್ಮೆಯೂ ಕೇಳದುದು ನೆನಪಾಗುವುದು ಹೇಗೆ? ದೂರದ ಪೀಪಾಯಿಯ ವಾದ್ಯಕ್ಕೆ ಬೆರಗಾಗಿ ನಿಂತ ಮಗುವಿಗೆ ಊರಿನ ಗಣೆಯ ಹೆಸರೂ ತಿಳಿಯದಿದ್ದರೆ, ಆ ಲೋಪವು ಪರದೇಶದ್ದಲ್ಲ, ಮನೆಯದು.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗುವಿಗೆ ಅಲ್ಲಿಯ ಸಂಗೀತವನ್ನು ಕೇಳಬೇಡವೆಂದು ಕಟ್ಟಳೆ ಮಾಡಬೇಡಿರಿ. ಕಿವಿಯನ್ನು ಮುಚ್ಚಿಕೊಂಡು ಹೋದವನು ಬರಿಯ ಪದವಿಪತ್ರದೊಡನೆ ಹಿಂದಿರುಗುತ್ತಾನೆ. ಪ್ರಯಾಣದ ಸಿದ್ಧತೆಯಲ್ಲಿ ಉಪ್ಪಿನಕಾಯಿಯ ಭರಣಿಯನ್ನು ಕಟ್ಟುವಷ್ಟೇ ಶ್ರದ್ಧೆಯಿಂದ, ಒಂದು ರಾತ್ರಿ ಆ ಮಗುವನ್ನು ಗಣೆಯ ಹಾಡು ನಡೆಯುವಲ್ಲಿಗೆ ಕರೆದುಕೊಂಡು ಹೋಗಿ ಕುಳ್ಳಿರಿಸಿರಿ. ಪರದೇಶದಲ್ಲಿ ಕೇಳುವ ಪ್ರತಿಯೊಂದು ಹೊಸ ರಾಗವೂ ಆ ರಾತ್ರಿಯೊಡನೆ ಮಾತನಾಡುವುದು.