ಹಳ್ಳಿಗಾಡಿನ ಕೆಲಸಕ್ಕೆ ತಕ್ಕ ಲ್ಯಾಪ್‌ಟಾಪ್ ಮತ್ತು ಲಿನಕ್ಸ್ ವ್ಯವಸ್ಥೆಯ ಆಯ್ಕೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ೭೫ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಕುಣಿಗಲ್ ಪಟ್ಟಣವನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ದೊರೆಯುವ ಯಡಿಯೂರು, ಶ್ರೀ ಸಿದ್ಧಲಿಂಗೇಶ್ವರರ ಕ್ಷೇತ್ರವೆಂದು ನಾಡಿಗೆಲ್ಲ ತಿಳಿದಿರುವುದು. ಸುತ್ತಲಿನ ಭೂಮಿಯಲ್ಲಿ ತೆಂಗು ಮತ್ತು ರಾಗಿಗಳೇ ಮುಖ್ಯವಾದ ಬೆಳೆಗಳು, ಅಡಿಕೆಯೂ ಉಂಟು. ಸಮೀಪದಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ಗದ್ದೆಯ ಬೇಸಾಯವೂ ನಡೆಯುವುದು. ಇಂತಹ ಸೀಮೆಯಲ್ಲಿ ಲ್ಯಾಪ್‌ಟಾಪಿನ ಮಾತೇಕೆ ಎಂದು ಮೊದಲು ತೋರಬಹುದು. ಆದರೆ ಬೇಸಾಯಗಾರನ ವ್ಯವಹಾರಗಳಲ್ಲಿ ಬಹುಭಾಗವು ಕಳೆದ ೨೫ ವರ್ಷಗಳಲ್ಲಿ ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಸೇರಿದೆ.

೨೦೦೦ದ ಸುಮಾರಿನಲ್ಲಿ ಭೂಮಿ ಯೋಜನೆಯಿಂದ ಪಹಣಿಯು ಕಂಪ್ಯೂಟರಿನಿಂದ ದೊರೆಯತೊಡಗಿತು. ೨೦೧೪ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು ಏರ್ಪಟ್ಟು ಕೃಷಿ ಮಾರುಕಟ್ಟೆಗಳ ಟೆಂಡರು ಅಂತರ್ಜಾಲಕ್ಕೆ ಬಂದಿತು. ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರಿಗೆ ಫ್ರೂಟ್ಸ್ ಸಂಖ್ಯೆಯು ಬೇಕಾಯಿತು. ೨೦೨೨ನೆಯ ಜೂನ್ ತಿಂಗಳಲ್ಲಿ ಭಾರತ ಸರ್ಕಾರವು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸುವುದಕ್ಕಾಗಿ ೨,೫೧೬ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಹಾಲು ಉತ್ಪಾದಕರ ಸಂಘ, ತೆಂಗು ಬೆಳೆಗಾರರ ಕಂಪನಿ, ಸ್ತ್ರೀಶಕ್ತಿ ಗುಂಪು ಇವುಗಳ ಕಾರ್ಯದರ್ಶಿಗಳೂ, ಹೆಚ್ಚು ತೋಟವುಳ್ಳ ರೈತರೂ ತಮ್ಮದೇ ಆದ ಒಂದು ಯಂತ್ರವನ್ನು ಇಟ್ಟುಕೊಳ್ಳುವುದು ಈಗ ಅಪರೂಪವಲ್ಲ.

ಪಟ್ಟಣದ ಕಚೇರಿಯ ಮೇಜಿಗೆಂದು ಮಾಡಿದ ಅಗ್ಗದ ಲ್ಯಾಪ್‌ಟಾಪನ್ನು ಕೊಂಡು ತಂದು ಕಣದ ಬದಿಯಲ್ಲಿಯೂ ಹಾಲಿನ ಡೇರಿಯ ಕಟ್ಟೆಯ ಮೇಲೆಯೂ ಉಪಯೋಗಿಸಿದರೆ ಅದು ಹೆಚ್ಚು ಕಾಲ ಬಾಳಲಾರದು. ಯಂತ್ರವು ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು; ಅದರೊಳಗಿದ್ದ ಸದಸ್ಯರ ಲೆಕ್ಕವು ಹೋದರೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದುದರಿಂದ ಬಂಡಿಯನ್ನು ಕೊಳ್ಳುವವನು ತಾನು ಹೋಗಬೇಕಾದ ದಾರಿಯನ್ನು ನೆನೆದು ಕೊಳ್ಳುವಂತೆ, ಲ್ಯಾಪ್‌ಟಾಪನ್ನು ಕೊಳ್ಳುವವರೂ ಅದು ಇರಬೇಕಾದ ಸ್ಥಳವನ್ನು ನೆನೆದು ಕೊಳ್ಳತಕ್ಕದ್ದು.

ಯಂತ್ರಕ್ಕೆ ಒದಗುವ ಕಂಟಕಗಳು

ಮೊದಲನೆಯದು ಧೂಳು. ರಾಗಿಯನ್ನು ಒಕ್ಕಿ ತೂರುವ ದಿನಗಳಲ್ಲಿ ಏಳುವ ಹೊಟ್ಟೂ, ತೆಂಗಿನಕಾಯಿ ಸುಲಿಯುವ ಕಡೆ ಹಾರುವ ನಾರಿನ ಪುಡಿಯೂ ಬಹಳ ಹಗುರವಾದವು. ಲ್ಯಾಪ್‌ಟಾಪಿನೊಳಗೆ ಒಂದು ಸಣ್ಣ ಫ್ಯಾನು ಗಾಳಿಯನ್ನು ಎಳೆದು ಯಂತ್ರದ ಶಾಖವನ್ನು ಹೊರಕ್ಕೆ ದೂಡುತ್ತಿರುವುದು. ಗಾಳಿಯೊಡನೆ ಒಳಹೊಕ್ಕ ಪುಡಿಯು ತಗಡಿನ ಸಂದುಗಳಲ್ಲಿ ಕಂಬಳಿಯಂತೆ ಕಟ್ಟಿಕೊಂಡು ಶಾಖವು ಹೊರಹೋಗದಂತೆ ತಡೆಯುವುದು. ಆಗ ಫ್ಯಾನು ಇನ್ನೂ ವೇಗವಾಗಿ ತಿರುಗಿ ಇನ್ನಷ್ಟು ಧೂಳನ್ನು ಎಳೆಯುವುದು. ಯಂತ್ರವು ಕ್ರಮೇಣ ನಿಧಾನವಾಗಿ, ಕಡೆಗೆ ತಾನಾಗಿಯೇ ಆರಿಹೋಗುವುದು.

ಎರಡನೆಯದು ಶಾಖ. ಲಿಥಿಯಂ ಬ್ಯಾಟರಿಗೆ ಬಿಸಿಲು ವೈರಿ. ಬೇಸಗೆಯಲ್ಲಿ ನಿಲ್ಲಿಸಿದ ಕಾರಿನೊಳಗಾಗಲಿ, ತಗಡಿನ ಮಾಡಿನ ಕೆಳಗಾಗಲಿ ಯಂತ್ರವನ್ನು ಬಿಟ್ಟುಹೋದರೆ ಬ್ಯಾಟರಿಯ ಶಕ್ತಿಯು ಬೇಗನೆ ಕುಂದುವುದು. ಮೂರನೆಯದು ವಿದ್ಯುತ್ತಿನ ಏರಿಳಿತ. ಪಂಪ್‌ಸೆಟ್ಟುಗಳು ಒಟ್ಟಿಗೆ ನಡೆಯುವ ವೇಳೆ ದೀಪವು ಮಂಕಾಗುವುದನ್ನೂ, ಅವು ನಿಂತೊಡನೆ ಪ್ರಕಾಶವೇರುವುದನ್ನೂ ಎಲ್ಲರೂ ನೋಡಿರುವರು. ನಾಲ್ಕನೆಯದು ನೀರು ಮತ್ತು ಪೆಟ್ಟು: ಚೆಲ್ಲಿದ ಕಾಫಿ, ಹಠಾತ್ತಾಗಿ ಬಂದ ಮಳೆ, ಬಸ್ಸಿನಲ್ಲಿಯೂ ಮೋಟಾರು ಸೈಕಲ್ಲಿನ ಮೇಲೆಯೂ ಆಗುವ ಕುಲುಕಾಟ.

ಬಲವಾದ ಯಂತ್ರ ಯಾವುದು?

ಕಠಿಣವಾದ ಉಪಯೋಗಕ್ಕೆಂದೇ ತಯಾರಾಗುವ ಲ್ಯಾಪ್‌ಟಾಪುಗಳು ಉಂಟು. ಪ್ಯಾನಸೋನಿಕ್ ಕಂಪನಿಯ ಟಫ್‌ಬುಕ್, ಗೆಟ್ಯಾಕ್, ಡೆಲ್ ಲ್ಯಾಟಿಟ್ಯೂಡ್ ರಗ್ಗಡ್ ಇವು ಆ ವರ್ಗಕ್ಕೆ ಸೇರಿದವು. ಇವುಗಳ ಮೇಲೆ ಎರಡು ಗುರುತುಗಳನ್ನು ಕಾಣಬಹುದು. ‘ಐಪಿ’ ಎಂಬ ಗುರುತಿನ ಮುಂದೆ ಎರಡು ಅಂಕಿಗಳಿರುವುವು. ಮೊದಲನೆಯದು ಧೂಳಿನಿಂದಲೂ ಎರಡನೆಯದು ನೀರಿನಿಂದಲೂ ಇರುವ ರಕ್ಷಣೆಯನ್ನು ಸೂಚಿಸುವುದು. ‘ಐಪಿ ೬೫’ ಎಂದರೆ ಧೂಳು ಸ್ವಲ್ಪವೂ ಒಳಹೋಗದು, ಕೊಳಾಯಿಯಿಂದ ಚಿಮ್ಮಿದ ನೀರಿಗೂ ಕೆಡದು ಎಂದರ್ಥ. ‘ಮಿಲ್-ಎಸ್‌ಟಿಡಿ-೮೧೦’ ಎಂಬುದು ಅಮೆರಿಕದ ಸೈನ್ಯದ ಪರೀಕ್ಷಾಕ್ರಮ. ಇದರಲ್ಲಿ ಬೀಳಿಸುವುದು, ಅಲುಗಿಸುವುದು, ಕಾಯಿಸುವುದು ಮುಂತಾದ ಅನೇಕ ಪರೀಕ್ಷೆಗಳಿದ್ದು, ತಯಾರಕರು ಅವುಗಳಲ್ಲಿ ಕೆಲವನ್ನು ಮಾತ್ರ ನಡೆಸಿದ್ದರೂ ಈ ಹೆಸರನ್ನು ಹಾಕಿಕೊಳ್ಳುವುದುಂಟು. ಆದುದರಿಂದ ಯಾವ ಯಾವ ಪರೀಕ್ಷೆಗಳು ನಡೆದಿವೆ ಎಂಬುದನ್ನು ವಿಚಾರಿಸದೆ ಹೆಸರಿಗೆ ಮಾತ್ರ ಹಣವನ್ನು ಕೊಡಬಾರದು.

ಇಂತಹ ಯಂತ್ರಗಳ ಬೆಲೆಯು ಹೊಸದಾದರೆ ಲಕ್ಷ ರೂಪಾಯಿಗಳನ್ನು ಮೀರುವುದೇ ಸಾಮಾನ್ಯ. ದಿನವೂ ಬಯಲಿನಲ್ಲಿಯೇ ಅಳತೆ ಸಮೀಕ್ಷೆಗಳನ್ನು ಮಾಡುವವರಿಗೆ ಅದು ಸಾರ್ಥಕವಾಗಬಹುದು. ಸಂಘದ ಕೊಠಡಿ, ತೋಟದ ಮನೆ, ಆಗಾಗ ತಾಲ್ಲೂಕು ಕಚೇರಿ, ಇಷ್ಟೇ ಸಂಚಾರವುಳ್ಳವರಿಗೆ ಅಷ್ಟು ವೆಚ್ಚವು ಬೇಕಿಲ್ಲ. ದೊಡ್ಡ ಕಂಪನಿಗಳು ತಮ್ಮ ನೌಕರರಿಗಾಗಿ ಕೊಳ್ಳುವ ವರ್ಗದ ಲ್ಯಾಪ್‌ಟಾಪು, ಅಂದರೆ ಥಿಂಕ್‌ಪ್ಯಾಡ್ ಟಿ ಮಾಲೆ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಮುಂತಾದವು, ಇವರಿಗೆ ಸಾಕು. ಇವುಗಳ ಕೀಲುಗಳು ಗಟ್ಟಿ. ತಳವನ್ನು ಸ್ಕ್ರೂ ಬಿಚ್ಚಿ ತೆಗೆದು ಫ್ಯಾನನ್ನು ಶುಚಿಮಾಡುವುದು ಸುಲಭ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ದೊರೆಯುವುವು.

ಈ ವರ್ಗದ ಹಳೆಯ ಯಂತ್ರಗಳು ಕಡಮೆ ಬೆಲೆಗೆ ಬರುವುದಕ್ಕೆ ಒಂದು ಕಾರಣವುಂಟು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ರ ನಿಬಂಧನೆಗಳಿಗೆ ೨೦೧೭ಕ್ಕೆ ಹಿಂದಿನ ಬಹುಮಟ್ಟಿನ ಯಂತ್ರಗಳು ಒಳಪಡುವುದಿಲ್ಲ. ಹೀಗಾಗಿ ದೃಢವಾಗಿಯೇ ಇರುವ ಯಂತ್ರಗಳು ಕೂಡ ಕಚೇರಿಗಳಿಂದ ಹೊರಬೀಳುತ್ತಿವೆ. ಉದಾಹರಣೆಗೆ ೨೦೧೭ರ ಥಿಂಕ್‌ಪ್ಯಾಡ್ ಟಿ ೪೭೦ನ್ನು ತೆಗೆದುಕೊಳ್ಳಬಹುದು. ಅದರೊಳಗೆ ಒಂದು ಬ್ಯಾಟರಿಯೂ ಹಿಂದುಗಡೆ ಕೈಯಿಂದಲೇ ತೆಗೆಯಬಹುದಾದ ಮತ್ತೊಂದು ಬ್ಯಾಟರಿಯೂ ಇರುವುದರಿಂದ, ಯಂತ್ರವನ್ನು ಆರಿಸದೆಯೇ ಬ್ಯಾಟರಿಯನ್ನು ಬದಲಾಯಿಸಬಹುದು. ದೀರ್ಘಕಾಲ ವಿದ್ಯುತ್ತು ಇಲ್ಲದ ಹಳ್ಳಿಗಳಲ್ಲಿ ಇದು ದೊಡ್ಡ ಅನುಕೂಲ.

ಯಾವುದನ್ನು ಕೊಂಡರೂ ತಿರುಗುವ ಹಾರ್ಡ್ ಡಿಸ್ಕಿಗೆ ಬದಲು ಎಸ್.ಎಸ್.ಡಿ. ಇರಬೇಕು; ತಿರುಗುವ ಭಾಗಗಳಿಲ್ಲದ ಕಾರಣ ಕುಲುಕಾಟಕ್ಕೆ ಅದು ಅಂಜದು. ರ‍್ಯಾಮ್ ೮ ಜಿ.ಬಿ. ಇದ್ದರೆ ಲೆಕ್ಕ ಪತ್ರಗಳಿಗೂ ಅಂತರ್ಜಾಲಕ್ಕೂ ಸಾಕು. ಬಿಸಿಲಿನಲ್ಲಿ ಓದಬೇಕಾದರೆ ತೆರೆಯ ಪ್ರಕಾಶವನ್ನು ವಿಚಾರಿಸಬೇಕು. ಸಾಧಾರಣ ತೆರೆಗಳು ೨೫೦ರಿಂದ ೩೦೦ ನಿಟ್ ಇದ್ದು ನೆರಳಿಗೆ ಮಾತ್ರ ತಕ್ಕವು. ಬಯಲಿಗೆಂದು ಮಾಡಿದವು ೮೦೦ ನಿಟ್ಟನ್ನು ಮೀರುವುದುಂಟು.

ಲಿನಕ್ಸಿನಿಂದಾಗುವ ಪ್ರಯೋಜನ

ಲಿನಕ್ಸ್ ೧೯೯೧ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯಿಂದ ಆರಂಭವಾಯಿತು. ಇದಕ್ಕೆ ಪರವಾನಗಿಯ ಹಣವಿಲ್ಲ. ಹಳೆಯ ಯಂತ್ರಗಳನ್ನು ಇದು ತಳ್ಳಿಹಾಕುವುದಿಲ್ಲ. ಇದು ಕನ್ನಡಿಗರಿಗೆ ಹೊಸದೂ ಅಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯು ನಡೆಯುತ್ತಿದ್ದು, ೨೦೧೯ರ ವೇಳೆಗೆ ಇದನ್ನು ಎರಡು ಲಕ್ಷಕ್ಕೂ ಮೀರಿದ ಕಂಪ್ಯೂಟರುಗಳಿಗೆ ಉದ್ದೇಶಿಸಲಾಗಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿಯೇ ಕಲಿಯುತ್ತಿರುವರು.

ಲಿನಕ್ಸಿನಲ್ಲಿ ಅನೇಕ ವಿತರಣೆಗಳುಂಟು. ಹಳ್ಳಿಯ ಕೆಲಸಕ್ಕೆ ದಿನಕ್ಕೊಂದು ಹೊಸತನಕ್ಕಿಂತ ಸ್ಥಿರತೆಯೇ ಮುಖ್ಯ. ಡೆಬಿಯನ್ ಎಂಬ ವಿತರಣೆಯು ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಆವೃತ್ತಿಯನ್ನು ಕೊಟ್ಟು, ಪ್ರತಿಯೊಂದಕ್ಕೂ ಒಟ್ಟು ೫ ವರ್ಷಗಳ ಭದ್ರತಾ ಪರಿಷ್ಕರಣೆಯನ್ನು ಒದಗಿಸುವುದು. ಅದರ ೧೩ನೆಯ ಆವೃತ್ತಿಯು ೨೦೨೫ನೆಯ ಆಗಸ್ಟ್ ತಿಂಗಳಲ್ಲಿ ಹೊರಬಂದಿತು.

ಆದರೆ ಲಿನಕ್ಸ್ ಎಲ್ಲರಿಗೂ ಒಗ್ಗುವುದೆಂದು ಹೇಳಲಾಗದು. ಸಂಘವು ಉಪಯೋಗಿಸುವ ಲೆಕ್ಕದ ತಂತ್ರಾಂಶವಾಗಲಿ, ಹೆಬ್ಬೆರಳಿನ ಗುರುತು ತೆಗೆಯುವ ಸಾಧನವಾಗಲಿ ವಿಂಡೋಸಿನಲ್ಲಿ ಮಾತ್ರ ನಡೆಯುವಂತಹುದಾದರೆ ಆ ಕೆಲಸಕ್ಕೆ ವಿಂಡೋಸನ್ನೇ ಇಟ್ಟುಕೊಳ್ಳಬೇಕು. ಸರ್ಕಾರದ ಯೋಜನೆಯಿಂದ ಬಂದ ಯಂತ್ರದಲ್ಲಿ ನಿಯಮಿಸಿದ ವ್ಯವಸ್ಥೆಯನ್ನು ಅಪ್ಪಣೆಯಿಲ್ಲದೆ ಬದಲಾಯಿಸಕೂಡದು.

ಡೆಸ್ಕ್‌ಟಾಪ್ ಪರಿಸರದ ಆಯ್ಕೆ

ತೆರೆಯ ಮೇಲೆ ಕಾಣುವ ಪಟ್ಟಿ, ಕಿಟಕಿ, ಗುಂಡಿಗಳ ಏರ್ಪಾಡಿಗೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ಲಿನಕ್ಸಿನಲ್ಲಿ ಇದನ್ನು ಇಷ್ಟಬಂದಂತೆ ಆರಿಸಬಹುದು. ಗ್ನೋಮ್ ನೋಟಕ್ಕೆ ಸರಳವಾಗಿದ್ದರೂ ಸುಮ್ಮನಿರುವಾಗಲೂ ಸಾಮಾನ್ಯವಾಗಿ ೧ ಜಿ.ಬಿ.ಗಿಂತ ಹೆಚ್ಚು ರ‍್ಯಾಮನ್ನು ಹಿಡಿಯುವುದು. ಕೆಡಿಇ ಪ್ಲಾಸ್ಮಾದಲ್ಲಿ ಬದಲಾಯಿಸಬಹುದಾದ ಅಂಶಗಳು ಬಹಳ. ಬಲ್ಲವರಿಗೆ ಅದು ಗುಣ, ಹೊಸಬರಿಗೆ ತೊಡಕು. ೧೯೯೬ರಲ್ಲಿ ಆರಂಭವಾದ ಎಕ್ಸ್‌ಎಫ್‌ಸಿಇ ಹಗುರವಾದುದು. ಎಲ್‌ಎಕ್ಸ್‌ಕ್ಯೂಟಿ ಅದಕ್ಕೂ ಹಗುರವಾಗಿದ್ದು ೨ ಅಥವಾ ೪ ಜಿ.ಬಿ. ರ‍್ಯಾಮಿನ ಯಂತ್ರಗಳಿಗೆ ತಕ್ಕದ್ದು.

೮ ಜಿ.ಬಿ. ಯಂತ್ರದಲ್ಲಿ ಇವೆಲ್ಲವೂ ನಡೆಯುವುವು. ಹಾಗಿದ್ದರೂ ಹಳ್ಳಿಯ ಕೆಲಸಕ್ಕೆ ಎಕ್ಸ್‌ಎಫ್‌ಸಿಇ ಉತ್ತಮವೆನ್ನುವುದಕ್ಕೆ ಎರಡು ಕಾರಣಗಳುಂಟು. ಹಗುರವಾದ ಪರಿಸರದಲ್ಲಿ ಯಂತ್ರಕ್ಕೆ ದುಡಿಮೆ ಕಡಮೆ. ದುಡಿಮೆ ಕಡಮೆಯಾದರೆ ಶಾಖ ಕಡಮೆ. ಶಾಖ ಕಡಮೆಯಾದರೆ ಫ್ಯಾನು ನಿಧಾನವಾಗಿ ತಿರುಗಿ ಧೂಳನ್ನು ಕಡಮೆ ಎಳೆಯುವುದು, ಬ್ಯಾಟರಿಯೂ ಹೆಚ್ಚು ಹೊತ್ತು ನಿಲ್ಲುವುದು. ಎರಡನೆಯದಾಗಿ, ಅದರ ರೂಪವು ವರ್ಷವರ್ಷಕ್ಕೂ ಬದಲಾಗುವುದಿಲ್ಲ. ಇಂದಿನ ಕಾರ್ಯದರ್ಶಿಯು ಕಲಿತುದನ್ನು ಮುಂದಿನವರಿಗೆ ಹಾಗೆಯೇ ಕಲಿಸಬಹುದು. ತೆರೆಯನ್ನು ಮುಟ್ಟಿ ಕೆಲಸ ಮಾಡುವ, ತಿರುಗಿಸಿ ಹಿಡಿಯುವ ಯಂತ್ರವಾದರೆ ಮಾತ್ರ ಗ್ನೋಮ್ ಅಥವಾ ಪ್ಲಾಸ್ಮಾ ಮೇಲು.

ಕನ್ನಡದ ಏರ್ಪಾಡು

ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ. ಆದುದರಿಂದ ನುಡಿಯಲ್ಲಿ ಬೆರಳಚ್ಚು ಕಲಿತವರು ಹೊಸದಾಗಿ ಕಲಿಯಬೇಕಾದುದು ಸ್ವಲ್ಪ. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಕನ್ನಡ ಫಾಂಟುಗಳು ಡೆಬಿಯನ್ನಿನಲ್ಲಿ ಉಚಿತವಾಗಿ ದೊರೆಯುವುವು. ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಅಕ್ಷರದ ಗಾತ್ರವನ್ನು ಹೆಚ್ಚಿಸಿ, ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವನ್ನು ಇಟ್ಟುಕೊಂಡರೆ ಹೊರಗಿನ ಬೆಳಕಿನಲ್ಲಿಯೂ ಓದಬಹುದು. ಯೂನಿಕೋಡಿಗೆ ಮುಂಚಿನ ನುಡಿ ಫಾಂಟುಗಳಲ್ಲಿ ಬರೆದ ಹಳೆಯ ಕಡತಗಳು ಮಾತ್ರ ನೇರವಾಗಿ ಓದಲು ಬಾರವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಹಣ ಕೊಡುವ ಮುಂಚೆ ಪರೀಕ್ಷೆ

ಲಿನಕ್ಸನ್ನು ಒಂದು ಪೆನ್‌ಡ್ರೈವಿನಿಂದಲೇ ನಡೆಸಬಹುದಾದುದರಿಂದ, ಅದನ್ನು ಅಂಗಡಿಗೆ ಒಯ್ದು ಯಂತ್ರವನ್ನು ಪರೀಕ್ಷಿಸಬೇಕು. ಪ್ರತಿಯೊಂದು ಕೀಲಿಯೂ ಅಕ್ಷರ ಮೂಡಿಸುವುದೇ, ವೈಫೈ ಸಿಗುವುದೇ, ಧ್ವನಿ ಕೇಳುವುದೇ, ಮುಚ್ಚಳವನ್ನು ಮುಚ್ಚಿ ತೆರೆದಾಗ ಯಂತ್ರವು ಮತ್ತೆ ಎಚ್ಚರಗೊಳ್ಳುವುದೇ, ಸಂಘದ ಪ್ರಿಂಟರ್ ಇದರೊಡನೆ ಹೊಂದುವುದೇ ಎಂಬುದನ್ನು ನೋಡಬೇಕು. ಬ್ಯಾಟರಿಯ ಮೂಲಶಕ್ತಿ ಮತ್ತು ಈಗಿನ ಶಕ್ತಿಯನ್ನು ವಿದ್ಯುತ್ ನಿರ್ವಹಣೆಯ ಪುಟವು ತೋರಿಸುವುದು. ೪೮ ವಾಟ್-ಗಂಟೆಯ ಬ್ಯಾಟರಿಯು ೨೪ಕ್ಕೆ ಇಳಿದಿದ್ದರೆ, ೮ ವಾಟ್ ಬೇಡುವ ಯಂತ್ರವು ೬ ಗಂಟೆಗೆ ಬದಲಾಗಿ ೩ ಗಂಟೆ ಮಾತ್ರ ನಡೆಯುವುದು. ಹೊಸ ಬ್ಯಾಟರಿಯ ಕ್ರಯವನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಬೇಕು.

ಆಮೇಲಿನ ಪೋಷಣೆ

ಮೂರು ತಿಂಗಳಿಗೊಮ್ಮೆ, ಒಕ್ಕಣೆ ಮುಗಿದ ಮೇಲೆ ತಪ್ಪದೆ, ಫ್ಯಾನಿನ ಧೂಳನ್ನು ತೆಗೆಸಬೇಕು. ಸದಾ ಚಾರ್ಜಿನಲ್ಲಿಯೇ ಇರುವ ಯಂತ್ರದ ಬ್ಯಾಟರಿಯು ನೂರರ ಬದಲು ೮೦ ಭಾಗಕ್ಕೆ ನಿಲ್ಲುವಂತೆ ಗೊತ್ತುಮಾಡಿದರೆ ಅದರ ಆಯುಸ್ಸು ಹೆಚ್ಚುವುದು. ಥಿಂಕ್‌ಪ್ಯಾಡುಗಳಲ್ಲಿ ಟಿಎಲ್‌ಪಿ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಮಾಡಬಹುದು. ಬ್ಯಾಟರಿಯು ಉಬ್ಬಿ ಕೀಲಿಮಣೆಯನ್ನು ಮೇಲೆತ್ತಿದರೆ ಕೂಡಲೆ ಉಪಯೋಗವನ್ನು ನಿಲ್ಲಿಸಬೇಕು. ಚುಚ್ಚಕೂಡದು, ಬೆಂಕಿ ಹತ್ತುವ ಅಪಾಯವುಂಟು. ಗುಡುಗು ಮಿಂಚಿನ ಸಮಯದಲ್ಲಿ ಚಾರ್ಜರನ್ನು ಗೋಡೆಯಿಂದ ಕಳಚಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಲೆಕ್ಕದ ಪ್ರತಿ. ವಾರಕ್ಕೊಮ್ಮೆ ಎರಡು ಪ್ರತಿಗಳನ್ನು ತೆಗೆದು ಒಂದನ್ನು ಬೇರೊಂದು ಮನೆಯಲ್ಲಿ ಇಡಬೇಕು. ಸದಸ್ಯರ ಆಧಾರ್ ಮತ್ತು ಬ್ಯಾಂಕಿನ ಸಂಖ್ಯೆಗಳು ಯಂತ್ರದಲ್ಲಿರುವುದರಿಂದ, ಡೆಬಿಯನ್ ಸ್ಥಾಪಿಸುವಾಗಲೇ ಡಿಸ್ಕಿಗೆ ಗೂಢಲಿಪಿಯ ರಕ್ಷಣೆಯನ್ನು ಆರಿಸತಕ್ಕದ್ದು. ಬಸ್ಸಿನಲ್ಲಿ ಕಳೆದುಹೋದರೂ ಕಂಡವರು ಅದನ್ನು ಓದಲಾರರು. ಆದರೆ ಗುಪ್ತಪದವನ್ನು ಮರೆತರೆ ಒಡೆಯನೂ ಓದಲಾರನು. ಅದನ್ನು ಬರೆದು ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ಬೀರುವಿನೊಳಗೆ ಇಡುವುದು ಲೇಸು.

ಸಾರಾಂಶ

೧. ಹೊಸ ಅಗ್ಗದ ಯಂತ್ರಕ್ಕಿಂತ ಕಚೇರಿ ವರ್ಗದ ದೃಢವಾದ ಹಳೆಯ ಯಂತ್ರವು ಮೇಲು.
೨. ಎಸ್.ಎಸ್.ಡಿ., ೮ ಜಿ.ಬಿ. ರ‍್ಯಾಮ್, ಬದಲಾಯಿಸಬಹುದಾದ ಬ್ಯಾಟರಿ ಇರಲಿ.
೩. ಸ್ಥಿರವಾದ ವಿತರಣೆ, ಹಗುರವಾದ ಡೆಸ್ಕ್‌ಟಾಪ್ ಪರಿಸರವನ್ನು ಆರಿಸಬೇಕು.
೪. ಬೇಕಾದ ತಂತ್ರಾಂಶ ಮತ್ತು ಸಾಧನಗಳು ಲಿನಕ್ಸಿನಲ್ಲಿ ನಡೆಯುವುವೇ ಎಂಬುದನ್ನು ಕೊಳ್ಳುವ ಮುಂಚೆಯೇ ಪರೀಕ್ಷಿಸಬೇಕು.
೫. ಲೆಕ್ಕದ ಎರಡು ಪ್ರತಿಗಳಿಲ್ಲದೆ ಒಂದು ವಾರವೂ ಕಳೆಯಕೂಡದು.

ಇಷ್ಟನ್ನು ನಡೆಸಿಕೊಂಡು ಬಂದಲ್ಲಿ, ಕಡಮೆ ಬೆಲೆಗೆ ಕೊಂಡ ಯಂತ್ರವೂ ಅನೇಕ ವರ್ಷಗಳ ಕಾಲ ಬೇಸಾಯಗಾರರ ಕೆಲಸಕ್ಕೆ ಒದಗುವುದು. ಸದಸ್ಯರ ಲೆಕ್ಕವೂ ಸುರಕ್ಷಿತವಾಗಿರುವುದು.