ಲೈಟೋಲರ್‌ರ ದೋಣಿ

ಟೈಟಾನಿಕ್ ಮುಳುಗಿದ ರಾತ್ರಿ ಹೆಂಗಸರನ್ನೂ ಮಕ್ಕಳನ್ನೂ ದೋಣಿಗೆ ಹತ್ತಿಸಿದ ಅಧಿಕಾರಿ ಚಾರ್ಲ್ಸ್ ಲೈಟೋಲರ್ ಬಗ್ಗೆ ತಾವು ಕೇಳಿರಬಹುದು. ಅವರ ‘ಸನ್‌ಡೌನರ್’ ಬಗ್ಗೆ ಕೇಳಿದವರು ಕಡಿಮೆ. 1912ರಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ 58 ಅಡಿಯ ಮರದ ದೋಣಿಯದು. 1929ರಲ್ಲಿ ಅದನ್ನು ಕೊಂಡು ಮೋಟಾರು ವಿಹಾರನೌಕೆ ಮಾಡಿಕೊಂಡರು. ಹೆಸರಿಟ್ಟವರು ಆಸ್ಟ್ರೇಲಿಯಾದವರಾದ ಪತ್ನಿ. ಆ ನಾಡಿನ ಮಾತಿನಲ್ಲಿ ಅಲೆಮಾರಿ ಎಂದರ್ಥ. ಹೆಸರಿಗೆ ತಕ್ಕಂತೆ ಕುಟುಂಬ ಅದರಲ್ಲಿ ಯುರೋಪಿನ ತೀರಗಳನ್ನು ಸುತ್ತಿತು.

1940ರಲ್ಲಿ ಡನ್‌ಕರ್ಕ್ ತೀರದಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ತರಲು ನೌಕಾಪಡೆ ದೋಣಿ ಕೇಳಿತು. ಕೊಡುತ್ತೇನೆ, ಆದರೆ ನಡೆಸುವವನು ನಾನೇ ಎಂದರು 66ರ ಲೈಟೋಲರ್. ಜೂನ್ 1ರಂದು ಹಿರಿಮಗ ರೋಜರ್ ಮತ್ತು ಒಬ್ಬ ಹದಿಹರೆಯದ ಸೀ ಸ್ಕೌಟ್‌ನೊಂದಿಗೆ ಹೊರಟು, ಸುಮಾರು 130 ಮಂದಿಯನ್ನು ತುಂಬಿಕೊಂಡು ಬಂದರು. ಮೇಲಿನಿಂದ ವಿಮಾನಗಳ ದಾಳಿ. ಯಾವ ಕ್ಷಣಕ್ಕೆ ದೋಣಿ ತಿರುಗಿಸಬೇಕೆಂಬ ಉಪಾಯವನ್ನು ಅವರು ಕಲಿತಿದ್ದು ವಿಮಾನ ಚಾಲಕನಾಗಿದ್ದ ಕಿರಿಮಗನಿಂದ. ಅವನು 1939ರಲ್ಲಿ, ಯುದ್ಧ ಶುರುವಾಗುತ್ತಲೇ ಮಡಿದಿದ್ದ.