ಇಂಗ್ಲಿಷ್ ಪರೀಕ್ಷೆಗೆ ಕನ್ನಡವೇ ಊರುಗೋಲು

ಮಾರ್ಚ್ ತಿಂಗಳು ಸಮೀಪಿಸಿದಂತೆ ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಒಂದೇ ಚಿಂತೆ. ಗಣಿತ, ವಿಜ್ಞಾನಗಳ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಕೈಗೆ ಬರುತ್ತದೆ; ಇಂಗ್ಲಿಷಿನ ಪತ್ರಿಕೆ ಮಾತ್ರ ಕೇರಳದ ಎಲ್ಲ ಮಕ್ಕಳಿಗೂ ಒಂದೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಮೂರು ಭಾಷೆಗಳನ್ನು ಸಲೀಸಾಗಿ ಆಡುವ ಮಗು ನಾಲ್ಕನೆಯದರ ಎದುರು ಬೆವರುತ್ತದೆ. ಈ ಹೆದರಿಕೆಯಿಂದಲೇ ಅನೇಕ ಹೆತ್ತವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಕನ್ನಡ ಡಿವಿಜನ್ ಹೋಗುತ್ತದೆ, ಅದರೊಡನೆ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ. ಆದುದರಿಂದ ಇದು ಕೇವಲ ಅಂಕಗಳ ಪ್ರಶ್ನೆಯಲ್ಲ.

ಇಂಗ್ಲಿಷಿನ ಲಿಖಿತ ಪರೀಕ್ಷೆಗೆ 80 ಅಂಕ, ಎರಡೂವರೆ ಗಂಟೆ ಸಮಯ. ಉಳಿದ 20 ಅಂಕ ಶಾಲೆಯ ನಿರಂತರ ಮೌಲ್ಯಮಾಪನದ್ದು. ಗದ್ಯಭಾಗವನ್ನೋ ಪದ್ಯಭಾಗವನ್ನೋ ಓದಿ ಉತ್ತರಿಸುವುದು, ಪತ್ರ, ದಿನಚರಿ, ಸಂಭಾಷಣೆ, ಭಾಷಣ ಮುಂತಾದುವನ್ನು ಸ್ವಂತವಾಗಿ ಬರೆಯುವುದು ಇದರ ಜೀವಾಳ. ಇಂಥ ಪರೀಕ್ಷೆಗೆ ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿ ಹೋಗುವುದು ಹೊಳೆ ದಾಟಲು ದೋಣಿಯ ಚಿತ್ರ ಹಿಡಿದು ಹೊರಟಂತೆ. ಮೇಲಾಗಿ ಇಲ್ಲಿ ಸಿಗುವ ಗೈಡುಗಳ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಕರ್ನಾಟಕದ ಗೈಡುಗಳಿಗೋ ಬೇರೆಯೇ ಪಠ್ಯ.

ಮೊದಲು ಓದುವ ವಿಷಯ. ಗದ್ಯಭಾಗಕ್ಕೆ ಕೈಹಾಕುವ ಮುನ್ನ ಪ್ರಶ್ನೆಗಳನ್ನು ಓದಬೇಕು. 'ವೆನ್' ಎಂದಿದ್ದರೆ ಸಮಯ, 'ವೇರ್' ಎಂದಿದ್ದರೆ ಸ್ಥಳ, 'ವೈ' ಎಂದಿದ್ದರೆ ಕಾರಣ ಹುಡುಕಬೇಕು. ಅರ್ಥವಾಗದ ಪದ ಬಂದಾಗ ಅಲ್ಲೇ ನಿಲ್ಲಬಾರದು. ಮುದುಕನೊಬ್ಬ 'ಸ್ಯಾಪ್ಲಿಂಗ್' ನೆಟ್ಟು ನೀರೆರೆದನೆಂದು ಇದ್ದರೆ ಅದು ಎಳೆಯ ಗಿಡವೆಂದು ತಿಳಿಯಲು ಡಿಕ್ಷನರಿ ಬೇಕಿಲ್ಲ. 'ವೈ ಡಿಡ್ ದಿ ಓಲ್ಡ್ ಮ್ಯಾನ್ ಪ್ಲಾಂಟ್ ದಿ ಟ್ರೀ?' ಎಂಬ ಪ್ರಶ್ನೆಯ ಒಳಗೇ ಅರ್ಧ ಉತ್ತರವಿದೆ. 'ಡಿಡ್' ಬಿಟ್ಟು, ಕ್ರಿಯಾಪದವನ್ನು ಭೂತಕಾಲಕ್ಕೆ ತಂದು, 'ದಿ ಓಲ್ಡ್ ಮ್ಯಾನ್ ಪ್ಲಾಂಟೆಡ್ ದಿ ಟ್ರೀ ಬಿಕಾಸ್' ಎಂದು ಆರಂಭಿಸಿದರೆ ಉಳಿದದ್ದು ಗದ್ಯಭಾಗದಲ್ಲೇ ಸಿಗುತ್ತದೆ. 'ವಾಟ್ ಡು ಯು ಥಿಂಕ್' ಎಂದು ಕೇಳಿದಾಗ ಮಾತ್ರ ಸಾಲುಗಳ ಆಚೆ ಯೋಚಿಸಿ ತನ್ನ ಅಭಿಪ್ರಾಯ ಬರೆಯಬೇಕು.

ಇನ್ನು ಬರವಣಿಗೆ. ನಮ್ಮ ಮಕ್ಕಳ ಉತ್ತರಪತ್ರಿಕೆಗಳಲ್ಲಿ ನಾವು ಕಾಣುವ ತಪ್ಪುಗಳಲ್ಲಿ ಬಹುಪಾಲು ದಡ್ಡತನದ್ದಲ್ಲ, ಕನ್ನಡದ ಜಾಡಿನವು. 'ಅವನು ನನ್ನ ತಮ್ಮ' ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದ ಬೇಡ. ಹಾಗಾಗಿ ಮಗು 'ಹಿ ಮೈ ಬ್ರದರ್' ಎಂದು ಬರೆದು 'ಈಸ್' ಬಿಡುತ್ತದೆ. 'ಮಾಸ್ತರು ಬಂದರು' ಎಂಬ ಗೌರವದ ಬಹುವಚನ ಒಬ್ಬರೇ ಮಾಸ್ತರರನ್ನು 'ದೇ' ಮಾಡಿಬಿಡುತ್ತದೆ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನದು ಕರ್ತೃವಿನ ಬೆನ್ನಿಗೇ ನಿಲ್ಲುತ್ತದೆ. 'ಐದು ಗಂಟೆಗೆ, ಭಾನುವಾರ, ಮಾರ್ಚಿನಲ್ಲಿ' ಎಂಬುದು 'ಅಟ್ ಫೈವ್, ಆನ್ ಸಂಡೇ, ಇನ್ ಮಾರ್ಚ್' ಆಗುತ್ತದೆ. ಇವನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಕರಿಹಲಗೆಯಲ್ಲಿ ಬರೆದು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಕನ್ನಡ ಬಲ್ಲ ಮಗುವಿಗೆ ಕನ್ನಡವೇ ಇಲ್ಲಿ ಊರುಗೋಲು.

ದಿನಕ್ಕೆ ಅರ್ಧ ತಾಸು ಸಾಕು. ಒಂದು ದಿನ ದಿನಚರಿ, ಮರುದಿನ ಪತ್ರ, ಮತ್ತೊಂದು ದಿನ ಸಂಭಾಷಣೆ. ಏನು ಬರೆಯಬೇಕೆಂಬ ನಾಲ್ಕು ಅಂಶಗಳನ್ನು ಮೊದಲು ಕನ್ನಡದಲ್ಲೇ ಗುರುತಿಸಿಕೊಂಡರೂ ಅಡ್ಡಿಯಿಲ್ಲ. ಬಳಿಕ ಒಂದೊಂದು ಅಂಶಕ್ಕೆ ಎರಡೆರಡು ಚಿಕ್ಕ ಇಂಗ್ಲಿಷ್ ವಾಕ್ಯ ಬರೆಯಲಿ. ದಿನಚರಿಗೆ ದಿನಾಂಕ, 'ಐ' ಮತ್ತು ಮನದ ಭಾವನೆ ಬೇಕು. ಪ್ರಧಾನ ಅಧ್ಯಾಪಕರಿಗೆ ಬರೆವ ಪತ್ರ ಗೆಳೆಯನಿಗೆ ಬರೆದಂತಿರಬಾರದು. ಉದ್ದ ವಾಕ್ಯದ ಮೋಹ ಬೇಡ. ತಿದ್ದಿ ಕೊಟ್ಟ ತಪ್ಪನ್ನು ಸರಿಪಡಿಸಿ ಮಗು ಇನ್ನೊಮ್ಮೆ ಬರೆಯಲೇಬೇಕು; ಕೆಂಪು ಗೆರೆ ನೋಡಿ ಪುಸ್ತಕ ಮುಚ್ಚಿದರೆ ಪ್ರಯೋಜನವಿಲ್ಲ.

ಪರೀಕ್ಷೆಯ ದಿನ ಬರೆಯುವ ಮುನ್ನ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಸಿಗುತ್ತದೆ. ಯಾವ ಪ್ರಶ್ನೆಯನ್ನು ಆರಿಸಬೇಕೆಂದು ಆಗಲೇ ನಿರ್ಧರಿಸಬೇಕು. 80 ಅಂಕಗಳಿಗೆ 150 ನಿಮಿಷವೆಂದರೆ ಅಂಕವೊಂದಕ್ಕೆ ಎರಡು ನಿಮಿಷವೂ ಇಲ್ಲ. ಆರು ಅಂಕದ ಉತ್ತರವನ್ನು ಹನ್ನೊಂದು ನಿಮಿಷದೊಳಗೆ ಮುಗಿಸುವ ಅಭ್ಯಾಸ ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ಆಗಬೇಕು.

ಹೆತ್ತವರಲ್ಲಿ ಒಂದು ವಿನಂತಿ. ತಮಗೆ ಇಂಗ್ಲಿಷ್ ಬಾರದೆಂದು ಅವರು ಹಿಂಜರಿಯಬೇಕಾಗಿಲ್ಲ. ಮಗು ಓದಿದ ಗದ್ಯಭಾಗದ ಸಾರವನ್ನು ಮನೆಯ ಭಾಷೆಯಲ್ಲಿ ಹೇಳಿಸಿ ಕೇಳಿದರೆ ಸಾಕು. ಹೇಳಲು ಬಂದರೆ ಅರ್ಥವಾಗಿದೆ, ತಡವರಿಸಿದರೆ ಇನ್ನೊಮ್ಮೆ ಓದಬೇಕಾಗಿದೆ. ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷಿನಲ್ಲೂ ಚೆನ್ನಾಗಿ ಬರೆಯಬಲ್ಲದೆಂದು ನೆರೆಮನೆಯವರಿಗೆ ಮನದಟ್ಟಾದರೆ, ಜೂನ್ ತಿಂಗಳಲ್ಲಿ ನಮ್ಮ ಕನ್ನಡ ತರಗತಿಗಳ ಬೆಂಚುಗಳು ಖಾಲಿ ಉಳಿಯಲಾರವು.